ಅಳಿಯನ ಗಾಡಿ

ರೈಲು ಸ್ಟೇಷನ್ನಿನೊಳಗೆ ಬರುವಾಗ ಒಂದು ಹಳಿಯಿಂದ ಇನ್ನೊಂದು ಹಳಿಗೆ ದಾಟುತ್ತದಲ್ಲ, ಆಗ ಕೆಳಗಿನಿಂದ ಕಟಕಟ ಎಂದು ಸಪ್ಪಳ ಬಂದು ಡಬ್ಬಿ ತುಸು ಪಕ್ಕಕ್ಕೆ ವಾಲುತ್ತದೆ. ನೀವು ಅದನ್ನು ಗಮನಿಸಿರಲಿಕ್ಕಿಲ್ಲ. ಗಮನಿಸಿದ್ದರೂ ಊರು ಬಂತು, ಚೀಲ ಇಳಿಸಬೇಕು ಎಂದಷ್ಟೇ ಅಂದುಕೊಂಡಿರುತ್ತೀರಿ. ನನಗೆ ಮಾತ್ರ ಆ ಸಪ್ಪಳ ಕೇಳಿದೊಡನೆ ಕಾಲಿನ ಬೆರಳುಗಳು ಚಪ್ಪಲಿಯೊಳಗೇ ಮುದುಡಿಕೊಳ್ಳುತ್ತವೆ. ಇಷ್ಟು ವರ್ಷ ಯಾರಿಗೂ ಗೊತ್ತಾಗದಂತೆ ಮುದುಡಿಸಿಕೊಂಡು ಬಂದಿದ್ದೆ. ಹೋದ ತಿಂಗಳು ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋದಾಗ ಮಗಳು ಕಂಡುಹಿಡಿದುಬಿಟ್ಟಳು.

"ಯಾಕವ್ವಾ, ಕಾಲ ಜೋಮ ಹಿಡೀತೇನು?"

"ಹೂಂ" ಎಂದೆ. ಸುಳ್ಳು. ನಿಜ ಹೇಳಬೇಕೆಂದರೆ ಅವಳು ನನ್ನ ಹೊಟ್ಟೆಯಲ್ಲಿದ್ದ ದಿನಗಳಿಂದ ಶುರು ಮಾಡಬೇಕಾಗುತ್ತಿತ್ತು. ಅಷ್ಟರಲ್ಲಿ ಹುಬ್ಬಳ್ಳಿ ಬಂದುಬಿಡುತ್ತಿತ್ತು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೆ.

ಅಳ್ನಾವರದಿಂದ ದಾಂಡೇಲಿಗೆ ಕಾಡಿನ ಸೆರಗು ಹಿಡಿದು ಹೋಗುವ ಸಣ್ಣ ಹಳಿಯ ಮೇಲೆ ಆಗ ಮರ, ಬಿದಿರು ಹೆಚ್ಚು, ಮನುಷ್ಯರು ಕಡಿಮೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಬಹಳ ದಿನಗಳಾಗಿರಲಿಲ್ಲ. ಆ ಹಳಿಯ ಮೇಲಿನ ಒಂದು ಸ್ಟೇಷನ್ನಿನಲ್ಲಿ ನಮ್ಮ ಮನೆಯವರು ಪಾಯಿಂಟ್ಸ್‌ಮನ್ ಆಗಿದ್ದರು. ಸ್ಟೇಷನ್ನಿನ ಹೆಸರು ಹೇಳುವುದಿಲ್ಲ. ನಾಚಿಕೆ ಹಳೆಯದಾಗಿರಬಹುದು, ಊರು ಇನ್ನೂ ಅಲ್ಲೇ ಇದೆ.

ಪಾಯಿಂಟ್ಸ್‌ಮನ್ ಎಂಬುದು ನಮ್ಮ ತೇರಗಾಂವದವರ ಬಾಯಲ್ಲಿ ಹೊರಳಲಿಲ್ಲ. ನಮ್ಮವ್ವ ಬಂಧುಬಳಗಕ್ಕೆಲ್ಲ "ಹುಡುಗ ರೇಲ್ವೇದಾಗ ಪೇಂಟಮನ್ ಅದಾನ" ಎಂದು ಹೇಳಿಕೊಂಡು ಬಂದಳು. ಮದುವೆಯ ಮರುದಿನ ನಮ್ಮ ಕಾಕಾ ಹೊಸ ಅಳಿಯನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹೇಗೂ ಬಂದಿದ್ದೀರಿ, ಈ ಬಾಗಿಲಿಗೆ ಯಾವ ಬಣ್ಣ ಒಪ್ಪುತ್ತದೆ ಹೇಳಿ ಎಂದು ಕೇಳಿದನಂತೆ. ಇವರು ಬಾಗಿಲನ್ನು ಮೇಲೆ ಕೆಳಗೆ ನೋಡಿ "ಹಸರ" ಎಂದರಂತೆ. ಸುಳ್ಳೇನಲ್ಲ, ಅವರಿಗೆ ಗೊತ್ತಿದ್ದದ್ದು ಕೆಂಪು ಮತ್ತು ಹಸಿರು ಎರಡೇ.

ಆ ಕೆಲಸ ಏನೆಂದು ಇವರು ನನಗೆ ತಿಳಿಸಿದ್ದು ಅಡುಗೆಮನೆಯಲ್ಲಿ. ಎರಡು ಸೌಟುಗಳನ್ನು ನೆಲದ ಮೇಲೆ ಜೋಡಿಸಿಟ್ಟು, ನಡುವೆ ಕಸಬರಿಗೆಯ ಒಂದು ಹಂಚಿಕಡ್ಡಿ ಇಟ್ಟು, "ಇದನ್ನ ಇಷ್ಟಽ ಸರಸಿದ್ರ ಗಾಡಿ ಈ ಕಡೆ. ಇಷ್ಟ ಸರಸಿದ್ರ ಆ ಕಡೆ" ಎಂದರು. ಒಂದು ಬೆರಳಿನಷ್ಟು ಅಗಲ. ನಮ್ಮ ಸ್ಟೇಷನ್ನಿನಲ್ಲಿ ಅದನ್ನು ಸರಿಸುವುದು ಕೈಯಿಂದಲೇ. ಹಳಿಯ ಪಕ್ಕದಲ್ಲಿ ಒಂದು ಕಬ್ಬಿಣದ ಹಿಡಿಕೆ. ಅದನ್ನು ಎಳೆದು ಹಾಕಿ, ಹಳಿ ಸರಿಯಾಗಿ ಕೂತಿದೆಯೋ ಬಗ್ಗಿ ನೋಡಿ, ಬೀಗ ಜಡಿದು, ಆಮೇಲೆ ಹಸಿರು ಬಾವುಟ ತೋರಿಸಬೇಕು. ಎಳೆ, ಬಗ್ಗು, ಬೀಗ, ಬಾವುಟ. ನಿದ್ದೆಯಲ್ಲಿಯೂ ಅವರ ಕೈ ಎಳೆಯುತ್ತಿತ್ತು. ಹೊಸದಾಗಿ ಮದುವೆಯಾದವಳು ಅದನ್ನು ಬೇರೇನೋ ಎಂದುಕೊಂಡಿದ್ದೆ ಅನ್ನಿ.

ನಮ್ಮಪ್ಪನಿಗೆ ಇದನ್ನೆಲ್ಲ ಹೇಳಿದವಳು ನಾನೇ. ಅಪ್ಪ ರೈತ. ಹಣೆ ತುಂಬ ವಿಭೂತಿ, ತಲೆಗೆ ಕೆಂಪು ರುಮಾಲು, ಎತ್ತಿನ ವಿಷಯ ಬಿಟ್ಟರೆ ಜಂಬ ಕೊಚ್ಚದ ಮನುಷ್ಯ. ಆದರೆ ಗಾಡಿ ಎತ್ತ ಹೋಗಬೇಕೆಂಬುದು ಅಳಿಯನ ಕೈಯಲ್ಲಿದೆ ಎಂದು ತಿಳಿದದ್ದೇ ಅವನ ಮಾತೇ ಬದಲಾಯಿತು. ಹಳಿಯಾಳದ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುವನು: "ಇಂಜಿನ್ ನಡಸಾಂವ ಬರೇ ನಡಸ್ತಾನಪಾ. ಯಾ ಕಡೆ ಹೋಗಬೇಕು ಅನ್ನೂದು ನಮ್ಮ ಅಳ್ಯಾನ ಕೈಯಾಗ ಐತಿ." ಮೊದಲು 'ದಾಂಡೇಲಿ ಗಾಡಿ' ಎನ್ನುತ್ತಿದ್ದವನು ಈಗ 'ನಮ್ಮ ಅಳಿಯನ ಗಾಡಿ' ಎನ್ನತೊಡಗಿದ. ಊರಿನವರು ಅವನ ಹಿಂದೆ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಒಳಗೊಳಗೆ ಹಿಗ್ಗೂ ಆಗುತ್ತಿತ್ತು. ಇವರಂತೂ ಕೇಳಿಯೂ ಕೇಳದವರಂತೆ, ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿರುತ್ತಿದ್ದರು.

ನನಗೆ ಏಳು ತಿಂಗಳಾದಾಗ ತವರಿನವರು ಕುಬಸ ಮಾಡಲು ಬರುವುದೆಂದಾಯಿತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತಂದು ಉಡಿ ತುಂಬುವ ಶಾಸ್ತ್ರ. ತೇರಗಾಂವದಿಂದ ಚಕ್ಕಡಿಯಲ್ಲಿ ನೇರವಾಗಿ ಬಂದಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪ ಕೇಳಲಿಲ್ಲ. ಅಳಿಯನ ಗಾಡಿ ಇರುವಾಗ ಎತ್ತಿನ ಬಾಲ ನೋಡುತ್ತ ಯಾಕೆ ಹೋಗಬೇಕು ಎಂದು, ಹಿಂದಿನ ಸ್ಟೇಷನ್ನಿನವರೆಗೆ ಚಕ್ಕಡಿಯಲ್ಲಿ ಬಂದು, ಅವ್ವನನ್ನೂ ಓಣಿಯ ನಾಲ್ಕಾರು ಹೆಂಗಸರನ್ನೂ ಕರಚಿಕಾಯಿಯ ಪುಟ್ಟಿಗಳನ್ನೂ ರೈಲಿಗೆ ಹತ್ತಿಸಿದ.

ಅಂದು ಮುಂಜಾನೆ ನಮ್ಮ ಸ್ಟೇಷನ್ನಿನ ಪಕ್ಕದ ಹಳಿಯ ಮೇಲೆ ಬಿದಿರು ತುಂಬಿದ ವ್ಯಾಗನ್ನುಗಳನ್ನು ತಂದು ನಿಲ್ಲಿಸಿದ್ದರು. ಆ ಕೆಲಸಕ್ಕೆ ಇವರ ಜೊತೆಗೆ ಫಕೀರಪ್ಪ ಎಂಬ ಬದಲಿ ಆಳು ಇದ್ದ. ಮುಂಡಗೋಡದ ಕಡೆಯ ಒಂದು ಕೇರಿಯಿಂದ ಹೆಂಡತಿ ದ್ಯಾಮವ್ವನನ್ನು ಕಟ್ಟಿಕೊಂಡು ಕೂಲಿಗೆ ಬಂದವನು. ಯಾರಾದರೂ ರಜೆ ಹಾಕಿದರೆ, ಕೆಲಸ ಹೆಚ್ಚಾದರೆ ಅವನನ್ನು ಕರೆಯುತ್ತಿದ್ದರು. ಇಲ್ಲದಿದ್ದರೆ ಇಲ್ಲ. ಸ್ಟೇಷನ್ನಿನ ಹಿಂದೆ ಸೋಗೆಯ ಗುಡಿಸಲಲ್ಲಿ ಅವರ ಸಂಸಾರ.

ನಾನು ಕ್ವಾರ್ಟರ್ಸಿನ ಕಟ್ಟೆಯ ಮೇಲೆ ತಲೆ ಬಾಚಿಕೊಂಡು ಕೂತಿದ್ದೆ. ಅಲ್ಲಿಂದ ಪಕ್ಕದ ಹಳಿಯ ಕೊನೆ ಕಾಣುತ್ತಿತ್ತು. ಹಿಡಿಕೆ ಇರುವ ಆಚೆಯ ತುದಿ ಬಿದಿರಿನ ಮರೆಯಲ್ಲಿತ್ತು. ಗಾಡಿ ಕೂಗಿತು. ಹೊಗೆ ಕಾಣಿಸಿತು. ಪ್ಲಾಟ್‌ಫಾರ್ಮಿನ ಕಡೆ ಹೋಗಬೇಕಾದ ಇಂಜಿನ್ನು ಮೆಲ್ಲಗೆ ನಮ್ಮ ಮನೆಯ ಕಡೆಗೆ ತಿರುಗಿತು. ಆ ಗಳಿಗೆಯಲ್ಲಿ ನನಗೆ ಬಂದ ವಿಚಾರವನ್ನು ಹೇಳಿದರೆ ನೀವು ನಗುತ್ತೀರಿ. ಬಸುರಿ ಹೆಂಡತಿ ದೂರ ನಡೆಯಬಾರದು, ಬೀಗರಿಗೆ ಪುಟ್ಟಿ ಹೊರುವ ಕಷ್ಟ ಬೇಡ ಎಂದು ಇವರೇ ಗಾಡಿಯನ್ನು ಮನೆ ಬಾಗಿಲಿಗೆ ತರುತ್ತಿದ್ದಾರೆ ಎಂದುಕೊಂಡೆ. ಎಷ್ಟು ಪ್ರೀತಿ ಎಂದುಕೊಂಡು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

ಆಮೇಲೆ ಬಿದಿರು ಸೀಳುವ ಸಪ್ಪಳ. ವ್ಯಾಗನ್ನುಗಳು ಒಂದನ್ನೊಂದು ಒದ್ದುಕೊಂಡು, ಅವುಗಳಲ್ಲೊಂದು ಹಳಿ ಬಿಟ್ಟು ಹೊರಳಿ, ಬಿದಿರಿನ ಗಳಗಳೆಲ್ಲ ನಮ್ಮ ಅಂಗಳದ ತನಕ ಉರುಳಿ ಬಂದವು. ಗಾಡಿ ನಿಧಾನವಾಗಿ ಬರುತ್ತಿದ್ದರಿಂದ ಜೀವಗಳು ಉಳಿದವು. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಗಾಬರಿಯಿಂದ ಜಿಗಿದು ಹಳಿಯ ಮೇಲೆ ಬಿದ್ದು ಕಾಲು ಮುರಿದುಕೊಂಡ. ಅವನ ನರಳಾಟ ನನ್ನ ತನಕ ಕೇಳುತ್ತಿತ್ತು.

ಡಬ್ಬಿಯಿಂದ ಮೊದಲು ಇಳಿದವನು ಅಪ್ಪ. ಹಣೆ ಬಾತು ವಿಭೂತಿ ಅಳಿಸಿಹೋಗಿತ್ತು. ಓಡಿಬಂದು ಕೇಳಿದ ಮೊದಲ ಮಾತು, "ಅಳ್ಯಾಗ ಏನೂ ಆಗಿಲ್ಲಲ್ಲ?"

ಕರಚಿಕಾಯಿಗಳು ಡಬ್ಬಿಯ ತುಂಬ ಉರುಳಿ ಜನರ ಕಾಲಡಿ ಪುಡಿಯಾಗಿದ್ದವು. ಯಾರೋ ಪುಣ್ಯಾತ್ಮರು ಉಳಿದವನ್ನು ಆರಿಸಿ, ಮಸಿ ಸಮೇತ ಪುಟ್ಟಿಗೆ ತುಂಬಿ ತಂದಿಟ್ಟರು. ಹಸಿರು ಬಳೆಗಳು ಒಡೆದಿದ್ದವು. ಅವ್ವ ಅವನ್ನು ನನಗೆ ತೋರಿಸದೆ ಸೆರಗಿನಲ್ಲಿ ಕಟ್ಟಿಕೊಂಡಳು. ಆದರೂ ಸಂಜೆ ಬಾಗಿಲು ಮುಂದೆ ಮಾಡಿ, ಹಾಡಿಲ್ಲದೆ, ಯಾರನ್ನೂ ಕರೆಯದೆ ನನ್ನ ಉಡಿ ತುಂಬಿದಳು. "ಹೊಟ್ಯಾಗಿನ ಕೂಸಿಗೆ ಏನ ಗೊತ್ತ ಆಗತೈತಿ" ಎಂದಳು. ಹೊರಗೆ ಜನ ಮಾತಾಡುತ್ತಿದ್ದುದು ಕೂಸಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

ಇವರನ್ನು ನಾನು ಕಂಡದ್ದು ಎಷ್ಟೋ ಹೊತ್ತಿನ ಮೇಲೆ. ಹಳಿಯ ಪಕ್ಕದಲ್ಲಿ ನಿಂತೇ ಇದ್ದರಂತೆ. ಸ್ಟೇಷನ್ ಮಾಸ್ತರರು ಹೋಗಿ ಬೆರಳು ಬಿಡಿಸಿ ಬಾವುಟ ತೆಗೆದುಕೊಂಡರಂತೆ. ಫೈರ್‌ಮನ್ನನನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಬಿದಿರಿನ ಲಾರಿಗೆ ಏರಿಸುವಾಗ ಇವರು ಕೈಹಚ್ಚಲು ಹೋದರು. ಇಂಜಿನ್ ಡ್ರೈವರು, "ನೀ ದೂರ ನಿಂದರ" ಎಂದ. ಸಿಟ್ಟಿನಿಂದ ಅಲ್ಲ, ದನಿ ತಗ್ಗಿಸಿಯೇ ಹೇಳಿದ. ಇವರು ದೂರ ನಿಂತರು. ಅಲ್ಲಿಂದ ಅವರಿಗೆ ದೂರ ನಿಲ್ಲುವುದೇ ರೂಢಿಯಾಯಿತು.

ಮರುದಿನದಿಂದ ಸಸ್ಪೆಂಡ್. ಬಿಲ್ಲೆ, ಸೊಂಟದ ಪಟ್ಟಾ, ಬಾವುಟ ಎಲ್ಲವನ್ನೂ ಒಪ್ಪಿಸಬೇಕಾಯಿತು. ಆದರೆ ಮನೆಯಲ್ಲಿ ಕೂರುವಂತಿಲ್ಲ. ವಿಚಾರಣೆ ಮುಗಿಯುವ ತನಕ ದಿನಾ ಸ್ಟೇಷನ್ನಿಗೆ ಹೋಗಿ ಹಾಜರಿ ಹಾಕಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿರಬೇಕು. ಮನೆಯ ಅಂಗಿ ತೊಟ್ಟು, ಕೈ ಮಡಿಚಿಕೊಂಡು ಕೂತ ಆ ಮನುಷ್ಯನನ್ನು ಗಾಡಿಯ ಕಿಟಕಿಗಳೆಲ್ಲ ನೋಡುತ್ತಿದ್ದವು. "ಅಂವಽ ನೋಡ" ಎಂದು ಒಬ್ಬರು ತೋರಿಸಿದರೆ ಇನ್ನೊಬ್ಬರು ಎದ್ದು ನಿಂತು ನೋಡುವರು. ನಾನು ಊಟ ಕಟ್ಟಿಕೊಂಡು ಹೋಗುವಾಗ ಗಾಡಿ ಹೋಗಲಿ ಎಂದು ಪಾರ್ಸಲ್ ಕೋಣೆಯ ಹಿಂದೆ ಕಾಯುತ್ತಿದ್ದೆ. ಗಂಡನ ಪಕ್ಕ ನಿಲ್ಲಲು ಧೈರ್ಯವಿರಲಿಲ್ಲ. ಹೊಟ್ಟೆ ಮುಂದೆ ಮಾಡಿಕೊಂಡು ನಿಂತರೆ ನೋಡುವವರಿಗೆ ಇನ್ನೊಂದು ಮಾತು ಸಿಗುತ್ತದಲ್ಲ.

ಪಕ್ಕದ ಮನೆಯಲ್ಲಿ ರುಕ್ಮಿಣಿಬಾಯಿ ಎಂಬ ಮುದುಕಿ ಮಗನ ಜೊತೆಗಿದ್ದಳು. ಜೋಯಿಡಾದ ಕಾಡಿನವಳು, ಮನೆಮಾತು ಕೊಂಕಣಿ. ಅವಳ ಗಂಡ ಬ್ರಿಟಿಷರ ರೈಲು ಕಂಪನಿಯ ಕಾಲದಲ್ಲಿ ಇದೇ ಕೆಲಸ ಮಾಡಿದವನು. ಸಮಾಧಾನ ಹೇಳಲು ಬಂದು ಜೋಳ ಹಸನು ಮಾಡುತ್ತ ಕೂತಳು.

"ನಿನ್ನ ಗಂಡನ್ನ ಬೆಂಚಿನ ಮ್ಯಾಲೆ ಕುಂಡ್ರಸ್ಯಾರ ಬಾಯೆ. ನಮ್ಮವರಿಗೆ ಬೆಂಚೂ ಇರಲಿಲ್ಲ" ಎಂದಳು. "ಅವರ ಕೈಯಿಂದ ಎರಡು ಖಾಲಿ ಡಬ್ಬಿ ಹಳಿ ಬಿಟ್ಟು ಇಳದವು. ಯಾರಿಗೂ ಏನೂ ಆಗಲಿಲ್ಲ. ಗೋರಾ ಸಾಹೇಬ ಕೈಯಿಂದ ನೂಕೋ ಟ್ರಾಲಿ ಮ್ಯಾಲೆ ಬಂದ. ವಿಚಾರಣಿ ಇಲ್ಲ, ಏನಿಲ್ಲ. ಎಲ್ಲರ ಮುಂದ ಪಟ್ಟಾ ಬಿಚ್ಚಿಸಿದ, ಬಿಲ್ಲೆ ಕಿತ್ತಿಸಿದ, ಚಪ್ಪಲಿ ತಗಸಿದ. ಆಮ್ಯಾಲೆ ಅದೇ ಟ್ರಾಲಿ ದಾಂಡೇಲಿತನಾ ಇವರ ಕೈಲೆ ನೂಕಸಿದ. ಸಾಹೇಬ ಛತ್ರಿ ಹಿಡಕೊಂಡು ಕುಂತಿದ್ದ. ಬಿಸಲಾಗ ಹಳಿ ಕಾದಿತ್ತು."

"ಆಮ್ಯಾಲೆ?"

"ಆಮ್ಯಾಲೆ ಮತ್ತ ಕೆಲಸಕ್ಕ ತಗೊಂಡ. ಹಂಗಽ ಇತ್ತು ಆಗ. ಆದ್ರ ಇವರು ಮತ್ತ ಯಾರ ಮನಿಗೂ ಊಟಕ್ಕ ಹೋಗಲಿಲ್ಲ ನೋಡು. ಕರದ್ರ ಹೊಟ್ಟಿನೋವು ಅಂತಿದ್ರು. ಸಾಯೋತನಕ ಹೊಟ್ಟಿನೋವು."

ಸಮಾಧಾನ ಹೇಳಲು ಬಂದವಳು ತಾನೇ ಕಣ್ಣು ಒರೆಸಿಕೊಂಡಳು. ನಾನು ಮೊರ ತೆಗೆದುಕೊಂಡು ಉಳಿದ ಜೋಳ ಹಸನು ಮಾಡಿದೆ.

ಒಂದು ಮಧ್ಯಾಹ್ನ ಮಾಸ್ತರರು ಮನೆಗೆ ಬಂದರು. ಒಳ್ಳೆಯವರು. ನಮ್ಮ ಕೆಟ್ಟದ್ದನ್ನು ಬಯಸಿದವರಲ್ಲ. ಹೊರಸಿನ ಮೇಲೆ ಕೂತು, ಚಹ ಆರುವ ತನಕ ಮಳೆ ಬೆಳೆ ಮಾತಾಡಿ, ಕಡೆಗೆ ದನಿ ತಗ್ಗಿಸಿದರು.

"ನೋಡಪಾ, ಫಕೀರಪ್ಪ ಬದಲಿ ಮನಿಶಾ. ಅವನ ಕೆಲಸ ಇವತ್ತ ಇದ್ರ ನಾಳೆ ಇಲ್ಲ. 'ಹಿಡಿಕಿ ಹಾಕಾಕ ಅವಂಗ ಹೇಳಿದ್ದೆ, ಹಾಕ್ಯಾನಂತ ತಿಳದು ಬಾವುಟಾ ತೋರಿಸಿದೆ' ಅಂತ ಹೇಳು. ನೀ ಕಾಯಂ ಇದ್ದಾಂವ, ಸಣ್ಣ ಶಿಕ್ಷಾದಾಗ ಮುಗೀತದ. ಅವಂಗ ಮರದ ಡಿಪೋದಾಗ ಕೂಲಿ ನಾ ಕೊಡಸ್ತೇನಿ. ಮನ್ಯಾಗ ಬಸರಿ ಹೆಣ್ಮಗಳದಾಳ. ಅಕಿ ಮುಖಾ ನೋಡು."

ಇವರು ನನ್ನ ಮುಖ ನೋಡಲಿಲ್ಲ. ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಾಸ್ತರರು ಮೌನವನ್ನು ಒಪ್ಪಿಗೆ ಎಂದು ತಿಳಿದು ಎದ್ದುಹೋದರು. ಆ ಹೊತ್ತಿನಲ್ಲಿ ಹಿಡಿಕೆಯ ಹತ್ತಿರ ನಿಜವಾಗಿ ಯಾರಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಉತ್ತರ ಬಂದುಬಿಟ್ಟರೆ ಏನು ಮಾಡುವುದೆಂದು ತಿಳಿಯದೆ ಚಹದ ಬಟ್ಟಲು ತೊಳೆಯಲು ಹೋದೆ.

ಗುಡಿಸಲಿನ ಗೋಡೆ ಸೋಗೆಯದು, ಸ್ಟೇಷನ್ನಿನಲ್ಲಿ ಆಡಿದ ಮಾತೆಲ್ಲ ಅದಕ್ಕೆ ಕೇಳಿಸುತ್ತದೆ. ಮರುದಿನ ಮುಂಜಾನೆ ಸ್ಟೇಷನ್ನಿನ ನಲ್ಲಿಯ ಹತ್ತಿರ ದ್ಯಾಮವ್ವ ನನಗಾಗಿ ಕಾದಿದ್ದಳು. ಅವಳ ಕೊಡ ತುಂಬಿ ಹರಿಯುತ್ತಿತ್ತು, ಅವಳು ಎತ್ತಿರಲಿಲ್ಲ.

"ಅಕ್ಕಾರ, ನಮ್ಮ ಮನ್ಯಾವ್ರ ಹೆಸರ ಹೇಳ್ತಾರಂತ, ಹೌದೇನ್ರಿ?"

"ನನಗ ಗೊತ್ತಿಲ್ಲ ದ್ಯಾಮವ್ವ."

"ಅಂವ ಹಿಡಿಕಿ ಹತ್ರ ಹೋಗಿಲ್ರಿ. ವ್ಯಾಗನ್ನಿನ ಕೊಂಡಿ ಬಿಚ್ಚಾಕ ಹೋಗಿದ್ದ. ನನ್ನ ಮುಂದ ಸುಳ್ಳ ಹೇಳಾಂವಲ್ಲ." ತನ್ನ ಕೊಡ ಸರಿಸಿ ಅವಳೇ ನನ್ನ ಕೊಡವನ್ನು ನಲ್ಲಿಯ ಕೆಳಗಿಟ್ಟಳು. "ಬಗ್ಗಬ್ಯಾಡ್ರಿ, ನಾ ಎತ್ತಿ ಕೊಡ್ತೇನಿ" ಎಂದು ತುಂಬಿದ ಕೊಡವನ್ನು ನನ್ನ ಸೊಂಟಕ್ಕಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬರುವ ತನಕ ಆ ನೀರು ನನ್ನ ಮೈಮೇಲೆ ತುಳುಕುತ್ತಲೇ ಇತ್ತು.

ವಿಚಾರಣೆಗೆ ಸಾಹೇಬರು ಹುಬ್ಬಳ್ಳಿಯಿಂದ ಬಂದರು. ಪ್ಲಾಟ್‌ಫಾರ್ಮಿನ ಮಾವಿನ ಮರದ ಕೆಳಗೆ ಮೇಜು ಹಾಕಿದರು. ಮೈಸೂರು ಕಡೆಯ ಮೆತ್ತನೆಯ ಮಾತಿನ ಸಾಹೇಬರು. ಗಾಡಿಯಲ್ಲಿದ್ದ ಕೆಲವು ಪ್ರಯಾಣಿಕರನ್ನೂ ಕರೆಸಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಯ ಗಾಯದ ಮೇಲೆಯೇ ವಿಭೂತಿ ಹಚ್ಚಿಕೊಂಡು ಬಂದಿದ್ದ. ಫಕೀರಪ್ಪನ ಹೆಸರಿನ ಮಾತು ಅವನಿಗೆ ಗೊತ್ತಿರಲಿಲ್ಲ. ನಾವು ಯಾರೂ ಹೇಳಿರಲಿಲ್ಲ. ನಾನು, ರುಕ್ಮಿಣಿಬಾಯಿ, ತುಸು ದೂರದಲ್ಲಿ ದ್ಯಾಮವ್ವ, ಪಾರ್ಸಲ್ ಕೋಣೆಯ ಮೂಲೆಯಲ್ಲಿ ನಿಂತೆವು.

ಜವಾನ ಇವರ ಹೆಸರನ್ನು ನಮ್ಮ ಮಾವನವರ ಹೆಸರಿನ ಸಮೇತ ಗಟ್ಟಿಯಾಗಿ ಕೂಗಿದ. ನಾವು ಗಂಡನ ಹೆಸರು ಹೇಳುವವರಲ್ಲ. ಮದುವೆಯಲ್ಲಿ ಒಗಟು ಕಟ್ಟಿ ಒಮ್ಮೆ ಹೇಳಿದ್ದೆ, ಅಷ್ಟೇ. ಅದನ್ನು ಬಯಲಿನಲ್ಲಿ, ಕಳ್ಳನನ್ನು ಕರೆದಂತೆ ಕರೆದದ್ದು ಕೇಳಿ ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಇವರು ಎದ್ದು ಹಾಜರ್ ಎಂದು ಮತ್ತೆ ಬೆಂಚಿನ ಮೇಲೆ ಕೂತರು. ಅವರ ಸರದಿ ಕೊನೆಗೆ.

ಮೊದಲು ಫಕೀರಪ್ಪ. ತಾನು ಕೊಂಡಿ ಬಿಚ್ಚಲು ವ್ಯಾಗನ್ನುಗಳ ಸಂದಿಯಲ್ಲಿ ಹೋಗಿದ್ದೆ, ಇಂಜಿನ್ನು ಈ ಕಡೆ ತಿರುಗಿದ್ದು ಕಂಡು ಜಿಗಿದು ಹೊರಬಿದ್ದೆ ಎಂದ.

"ನೀನು ಅಲ್ಲಿದ್ದದ್ದನ್ನು ನೋಡಿದವರು ಯಾರು?" ಎಂದರು ಸಾಹೇಬರು.

"ಬಿದರ ಬಿಟ್ರ ಯಾರೂ ಇಲ್ರಿ."

ಜನ ನಕ್ಕರು. ಅವನು ನಗಿಸಲು ಹೇಳಿರಲಿಲ್ಲ. ಗೊತ್ತಾಗದೆ ತಾನೂ ಸ್ವಲ್ಪ ನಕ್ಕು, ಆಮೇಲೆ ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಂಡುತ್ತ ನಿಂತ. ಮಾಸ್ತರರು ಬೇರೆ ಕಡೆ ನೋಡಿದರು. ಬೆಂಚಿನ ಮೇಲೆ ಇವರು ಅಲ್ಲಾಡಲಿಲ್ಲ.

ಆಮೇಲೆ ಅಪ್ಪನ ಸರದಿ. ಪ್ರಯಾಣಿಕರಿಂದ ಕೇಳಬೇಕಾದದ್ದು ಗಾಡಿ ಎಷ್ಟು ಜೋರಾಗಿತ್ತು, ಡಿಕ್ಕಿ ಹೇಗಾಯಿತು ಎಂಬುದಷ್ಟೇ. ಅಪ್ಪ ಸಾಹೇಬರಿಗೆ ಕೈಮುಗಿದು, ಕೇಳಿದ್ದಕ್ಕಿಂತ ಹೆಚ್ಚು ಹೇಳಿದ.

"ಧಕ್ಕಿ ಆತ್ರಿ. ಆದ್ರ ಅದಕ್ಕೂ ಮೊದ್ಲು ನಾ ಕಿಟಕ್ಯಾಗ ಬಗ್ಗಿ ನೋಡಾಕತ್ತಿದ್ನಿರಿ, ನಮ್ಮ ಅಳ್ಯಾ ಕಾಣ್ತಾನೇನು ಅಂತ. ಕಂಡಾರಿ. ಹಳಿ ಬಾಜೂಕ ಹಸರ ಬಾವುಟಾ ಹಿಡದು ನಿಂತಿದ್ರು. ಹೊಸಾ ರುಮಾಲ ಸುತ್ತಿದ್ರು. ಡಬ್ಬ್ಯಾಗಿನ ಮಂದಿಗೆಲ್ಲಾ ತೋರಿಸಿದೆ, ನೋಡ್ರಿ, ಅಂವ ನಮ್ಮ ಅಳ್ಯಾ ಅಂತ."

ಸಾಹೇಬರ ಪೆನ್ನು ನಿಂತಿತು. "ಹಿಡಿಕೆಯ ಹತ್ತಿರವೇ ನಿಂತಿದ್ದರೇ?"

"ಅಲ್ಲೇರಿ. ಒಂದ ಕೈ ಅದರ ಮ್ಯಾಲಽ ಇತ್ರಿ."

"ಬೇರೆ ಯಾರಾದರೂ ಇದ್ದರೇ?"

"ಮತ್ಯಾರ ಇರ್ತಾರ್ರೀ?" ಅಪ್ಪನಿಗೆ ಈ ಪ್ರಶ್ನೆಯಿಂದ ತುಸು ಬೇಜಾರಾದಂತೆ ಕಾಣಿಸಿತು. "ಅದು ಅವರ ಕೆಲಸ ಐತಿ. ಬ್ಯಾರೇದವರ ಕೈಯಾಗ ಕೊಡೂ ಪೈಕಿ ಅಲ್ರಿ ನಮ್ಮ ಅಳ್ಯಾ."

ಸಾಹೇಬರು ಅದನ್ನೂ ಬರೆದುಕೊಂಡರು. ಅಪ್ಪ ಹೆಮ್ಮೆಯಿಂದ ಸುತ್ತ ನೋಡಿದ. ನನ್ನತ್ತ ನೋಡಿ ಸಣ್ಣಗೆ ತಲೆಯಾಡಿಸಿದ, ಎಲ್ಲ ಸರಿ ಮಾಡಿಬಿಟ್ಟೆ ಎನ್ನುವಂತೆ. ಅವನಿಗೆ ಮುಖ ತೋರಿಸಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ನಾಚಿಕೆ ಯಾರದು ಎಂಬುದೇ ತಿಳಿಯದಂತಾಗಿತ್ತು. ಗಂಡನದೋ, ಅಪ್ಪನದೋ, ಅವರಿಬ್ಬರ ನಡುವೆ ನಿಂತ ನನ್ನದೋ.

ಇವರು ಬೆಂಚಿನಿಂದ ಎದ್ದರು. ಯಾರೂ ಕರೆದಿರಲಿಲ್ಲ.

"ಮಾವಾರು ಹೇಳಿದ್ದು ಖರೆ ಐತ್ರಿ. ಹಿಡಿಕಿ ಹಾಕಬೇಕಾದಾಂವ ನಾನಽ. ಹಾಕೀನಿ ಅಂತ ತಿಳಕೊಂಡೆ. ಬಗ್ಗಿ ನೋಡಲಿಲ್ಲ. ಗಾಡಿ ಕಿಟಕಿ ನೋಡಾಕತ್ತಿದ್ದೆ. ಫಕೀರಪ್ಪ ಅಲ್ಲಿರಲಿಲ್ರಿ."

ಫಕೀರಪ್ಪ ಹಿಂಡುತ್ತಿದ್ದ ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡ. ದ್ಯಾಮವ್ವ ಅಲ್ಲಿಂದ ಹೊರಟುಹೋದಳು, ನನ್ನ ಕಡೆ ತಿರುಗಿ ನೋಡದೆ.

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮನೆಗೆ ಬಂದು ಕೈಕಾಲು ತೊಳೆದುಕೊಂಡು, ಊಟಕ್ಕೆ ಕೂತು, ರೊಟ್ಟಿ ಮುರಿದವನು ತಟ್ಟನೆ ಕೈ ತಡೆದ.

"ನಾ ಏನರ ತಪ್ಪ ಹೇಳಿದ್ನೇನವಾ?"

"ಇಲ್ಲಪ್ಪಾ. ಖರೇನ ಹೇಳಿದಿ."

ಅವನು ಕೈ ತೊಳೆದು ಎದ್ದ. ಅಂದು ಸಂಜೆಯ ಗಾಡಿ ಹತ್ತಲಿಲ್ಲ. ಬಿದಿರಿನ ಚಕ್ಕಡಿಯವರೊಬ್ಬರ ಜೊತೆ ಕೂತು ಊರಿಗೆ ಹೋದ. ಮುಂದೆ ಇದ್ದಷ್ಟು ವರ್ಷ ನಮ್ಮನ್ನು ನೋಡಲು ಚಕ್ಕಡಿಯಲ್ಲೇ ಬಂದ. ಸಂತೆಯಲ್ಲಿ ಯಾರಾದರೂ ಅಳಿಯನ ಗಾಡಿ ಹೇಗಿದೆ ಎಂದು ಕೆಣಕಿದರೆ ಎತ್ತಿನ ಹಲ್ಲು ನೋಡುವ ನೆಪದಲ್ಲಿ ಬಗ್ಗುತ್ತಿದ್ದನಂತೆ.

ಶಿಕ್ಷೆ ಬಂತು. ಕೆಲಸ ಹೋಗಲಿಲ್ಲ, ದರ್ಜೆ ಇಳಿಯಿತು. ಅದೇ ಸ್ಟೇಷನ್ನಿನ ಅಂಚಿಗೆ, ಹಳಿಯಾಳದ ರಸ್ತೆ ಹಳಿಯನ್ನು ದಾಟುವಲ್ಲಿ ಗೇಟು ಕಾಯುವ ಕೆಲಸ. ಅದಕ್ಕೆ ಮುಂಚೆ ಹುಬ್ಬಳ್ಳಿಗೆ ಹೋಗಿ ಮೀಸೆ ಚಿಗುರದ ಹೊಸಬರ ಜೊತೆ ನೆಲದ ಮೇಲೆ ಕೂತು ನಿಯಮಗಳನ್ನೆಲ್ಲ ಮತ್ತೆ ಕಲಿಯಬೇಕು. ಮುಂದೆಂದೂ ಮುಟ್ಟಲು ಕೊಡದ ಹಿಡಿಕೆಯನ್ನು ಹೇಗೆ ಹಾಕಬೇಕೆಂದು ಇವರು ಬಾಯಿಪಾಠ ಒಪ್ಪಿಸಿ ಬಂದರು. ಅಲ್ಲಿದ್ದಾಗ ಒಂದು ದಿನ ಆ ಫೈರ್‌ಮನ್ನನ ಮನೆ ಹುಡುಕಿಕೊಂಡು ಹೋಗಿದ್ದರಂತೆ. ಕಾಲು ಕೂಡಿತ್ತು, ಆದರೆ ಸೊಟ್ಟಗೆ. ಇನ್ನು ಇಂಜಿನ್ ಹತ್ತುವಂತಿರಲಿಲ್ಲ. ಆ ಮನುಷ್ಯ ಇವರನ್ನು ಕಂಡವನೇ ಧೋತರದ ಅಂಚನ್ನು ಎಳೆದು ಕಾಲು ಮುಚ್ಚಿಕೊಂಡನಂತೆ, ಇವರಿಗೆ ಕಾಣದಿರಲಿ ಎಂದು. ಚಹ ಕುಡಿಸಿ ಕಳಿಸಿದನಂತೆ. ಇಷ್ಟನ್ನು ಇವರು ನನಗೆ ಒಮ್ಮೆ ಹೇಳಿದರು, ಮತ್ತೆ ಎತ್ತಲಿಲ್ಲ.

ಗೇಟಿನ ಮನೆ ಎಂದರೆ ಒಂದು ಕೋಣೆ, ಒಂದು ಕಟ್ಟೆ. ಮಗಳನ್ನು ಎತ್ತಿಕೊಂಡು ತವರಿನಿಂದ ಅಲ್ಲಿಗೇ ಬಂದೆ. ಊರಿನ ಚಕ್ಕಡಿಗಳೆಲ್ಲ ಅದೇ ದಾರಿಯಲ್ಲಿ ಹಾಯುತ್ತಿದ್ದವು. ಗೇಟು ಹಾಕಿದಾಗ ತೇರಗಾಂವದ ಪರಿಚಯದವರು ನಿಂತು ಕಾಯಬೇಕು. ಕಾಯುವಾಗ ಅವರಿಗೆ ನೋಡಲು ಬೇರೇನೂ ಇಲ್ಲ, ನಮ್ಮ ಮನೆಯ ಬಾಗಿಲೊಂದೇ. ನಾನು ಒಲೆಯ ಮುಂದೆ ಕೂತು ಕೆಲಸವಿಲ್ಲದಿದ್ದರೂ ಊದುಗೊಳವೆ ಊದುತ್ತಿದ್ದೆ. ಇವರು ಬಾವುಟ ಹಿಡಿದು ನೆಲ ನೋಡುತ್ತ ನಿಲ್ಲುತ್ತಿದ್ದರು. ಗಾಡಿಯ ಡ್ರೈವರುಗಳು ಗೇಟಿನವರಿಗೆ ಕೈಯೆತ್ತುವುದುಂಟು. ಇವರು ತಲೆ ಎತ್ತದಿದ್ದುದರಿಂದ ಎತ್ತಿದ ಕೈಗಳು ಹಾಗೇ ಮುಂದೆ ಹೋಗುತ್ತಿದ್ದವು. ಒಂದು ಮಾತು ಮಾತ್ರ ನಾನು ಕೇಳದೆ ಉಳಿಸಿಕೊಂಡಿದ್ದೆ. ಅಪ್ಪ ಬಾಯಿ ಬಿಡದಿದ್ದರೆ ಇವರು ಅವತ್ತು ಏಳುತ್ತಿದ್ದರೇ? ಒಂದೇ ಕೋಣೆಯಲ್ಲಿ ಬದುಕುವವರು ಅಂಥ ಪ್ರಶ್ನೆ ಕೇಳಿದರೆ ಆಮೇಲೆ ಎಲ್ಲಿಗೆ ಹೋಗುವುದು?

ಅದನ್ನು ಕೇಳಿದವನು ಫಕೀರಪ್ಪ. ಅಷ್ಟರಲ್ಲಿ ಅವನ ಕೆಲಸ ಕಾಯಂ ಆಗಿತ್ತು. ಹಿಡಿಕೆಯೂ ಅವನ ಕೈಗೆ ಬಂದಿತ್ತು. ಒಂದು ಮಧ್ಯಾಹ್ನ ಬಿಲ್ಲೆ ಹಾಕಿಕೊಂಡೇ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ನಾನು ಚಹ ತಂದಿಟ್ಟೆ. ಅವನು ಮುಟ್ಟಲಿಲ್ಲ.

"ಅಣ್ಣಾರ, ಒಂದ ಮಾತ ಕೇಳ್ತೇನಿ. ನಿಮ್ಮ ಮಾವಾರು ಅವತ್ತ ಹಂಗ ಹೇಳದಿದ್ರ, ನೀವು ಏನ ಹೇಳತಿದ್ರಿ?"

ನಾನು ಬಾಗಿಲಲ್ಲಿ ನಿಂತುಬಿಟ್ಟೆ. ತೊಟ್ಟಿಲಲ್ಲಿ ಮಗಳು ಅಳುತ್ತಿದ್ದಳು, ಹೋಗಿ ಎತ್ತಿಕೊಳ್ಳಲಿಲ್ಲ. ಇವರು ಅಂಗೈ ನೋಡಿಕೊಂಡರು.

"ಗೊತ್ತಿಲ್ಲೋ ಫಕೀರಪ್ಪ" ಎಂದರು. "ದಿನಾ ಕೇಳಕೋತೇನಿ. ಗೊತ್ತಾಗವಲ್ದು."

ಫಕೀರಪ್ಪ ತಲೆಯಾಡಿಸಿದ. ಆರಿಹೋದ ಚಹವನ್ನು ಒಂದೇ ಗುಟುಕಿಗೆ ಕುಡಿದ.

"'ನಾನಽ ಖರೆ ಹೇಳತಿದ್ದೆ' ಅಂತ ನೀವು ಅಂದಿದ್ರ ಈ ಚಹಾ ಮುಟ್ಟತಿರಲಿಲ್ರಿ" ಎಂದ. ಆಮೇಲೆ ಬಟ್ಟಲನ್ನು ಕೈಯಲ್ಲೇ ತಿರುಗಿಸುತ್ತ, "ಈಗ ನನ್ನ ಕೈಕೆಳಗ ಒಬ್ಬ ಬದಲಿ ಮನಿಶಾ ಬಂದಾನ್ರಿ. ಜೋಯಿಡಾ ಕಡ್ಯಾಂವ, ಪಾಪ, ನಮ್ಮ ಮಾತೂ ಅವಂಗ ನೆಟ್ಟಗ ಬರಾಂಗಿಲ್ಲ. ಅಂವ ಬಂದಾಗಿಂದ ನಂಗ ಅಂಜಿಕಿ ಆಗೇತಿ. ನಾಳೆ ನನ್ನ ಕೈಯಾಗ ತಪ್ಪಾದ್ರ ನಾ ಯಾರ ಹೆಸರ ಹೇಳ್ತೇನೋ ಅಂತ. ಅದಕ್ಕಽ ನಿಮ್ಮನ್ನ ಕೇಳಾಕ ಬಂದೆ."

ಇವರು ಮೊದಲ ಸಲ ಅವನ ಮುಖ ನೋಡಿದರು.

"ಹಿಡಿಕಿ ಹಾಕೂ ಮುಂದ ಅವನ್ನ ಎದರಿಗೆ ನಿಂದರಿಸಿಕೋ. ಹಾಕಿದ ಮ್ಯಾಲೆ 'ಹಿಡಿಕಿ ನಾ ಹಾಕೀನಿ' ಅಂತ ಎಲ್ಲಾರಿಗೂ ಕೇಳೂಹಂಗ ಒದರು. ಅಂವ ಹೂಂ ಅನ್ನಲಿ. ಆಮ್ಯಾಲೆ ನೀ ಸುಳ್ಳ ಹೇಳಬೇಕಂದ್ರೂ ಹೇಳಾಕ ಬರಬಾರದು."

"ಮಂದಿ ನಗ್ತಾರ್ರಿ."

"ನಗಲಿ."

ಫಕೀರಪ್ಪ ಬಟ್ಟಲು ಕೆಳಗಿಟ್ಟು ಎದ್ದುಹೋದ.

ಗಾಳಿ ಸ್ಟೇಷನ್ನಿನ ಕಡೆಯಿಂದ ಬೀಸಿದ ದಿನ ಆ ಕೂಗು ನಮ್ಮ ಮನೆಯ ತನಕ ಬರುತ್ತಿತ್ತು. ಮೊದಲು ಫಕೀರಪ್ಪನ ಗಡಸು ದನಿ, ಅದರ ಹಿಂದೆ ಕೊಂಕಣಿ ಸೋಂಕಿದ ಒಂದು ಸಣ್ಣ ಹೂಂ. ರಸ್ತೆಯಲ್ಲಿ ಕಾಯುವವರು ನಗುತ್ತಿದ್ದರು. ಇವರು ಆ ಕೂಗನ್ನು ಎದ್ದು ನಿಂತು ಕೇಳುತ್ತಿದ್ದರು, ಹೆಸರು ಕರೆದಾಗ ಅವತ್ತು ಬೆಂಚಿನಿಂದ ಎದ್ದು ನಿಂತಿದ್ದರಲ್ಲ, ಹಾಗೆ. ಗಾಡಿ ಹೋದ ಮೇಲೆ ಗೇಟು ತೆಗೆದು, ಚಕ್ಕಡಿಗಳೆಲ್ಲ ದಾಟುವ ತನಕ ತಲೆ ತಗ್ಗಿಸಿಕೊಂಡೇ ನಿಲ್ಲುತ್ತಿದ್ದರು.